ಸೋಮವಾರ ಮೂಕವಾಗುತ್ತಿದ್ದ ರೇಡಿಯೋ

ನಾನು ಸೊಸೆಯಾಗಿ ಹೋದ ಹುಬ್ಬಳ್ಳಿಯ ಮನೆಯಲ್ಲಿ ಇಬ್ಬರಿಗೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಒಬ್ಬರು ಅತ್ತೆ, ಇನ್ನೊಂದು ರೇಡಿಯೋ. ಹತ್ತಿ ವ್ಯಾಪಾರಿಯಾಗಿದ್ದ ಮಾವ ಅದನ್ನು ಯುದ್ಧದ ವರ್ಷಗಳಲ್ಲಿ ಮುಂಬಯಿಯಿಂದ ತರಿಸಿ ಪಡಸಾಲೆಯಲ್ಲಿ ಕೂರಿಸಿದ್ದರು. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು, ಗಾಳಿಯಲ್ಲಿ ಬರುವ ದನಿ ಹಿಡಿಯಲು ನಡುವೆ ತಾಮ್ರದ ತಂತಿ ಬಿಗಿದು, ಅದರ ತುದಿಯನ್ನು ಕೆಳಗೆ ರೇಡಿಯೋಕ್ಕೆ ಇಳಿಬಿಟ್ಟಿದ್ದರು. ಸಂಜೆಯಾದರೆ ಓಣಿಯ ಗಂಡಸರೆಲ್ಲ ನಮ್ಮಲ್ಲೇ. ಅವರಿಗೆ ಚಹಾ ಮಾಡಿ ಮಾಡಿ, ಯುದ್ಧ ಯಾವಾಗ ಮುಗಿದೀತೋ ಎಂಬ ಚಿಂತೆ ಸರಕಾರಕ್ಕಿಂತ ನನಗೇ ಹೆಚ್ಚಾಗಿತ್ತು.

ಆದರೆ ಸೋಮವಾರ ಸಂಜೆ ಮಾತ್ರ ರೇಡಿಯೋ ಚುರ್ರ್ ಎನ್ನುತ್ತ ಕೂತುಬಿಡುತ್ತಿತ್ತು. ಸುದ್ದಿಯಿಲ್ಲ, ಹಾಡಿಲ್ಲ. ಮಂಗಳವಾರ ಮತ್ತೆ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿತ್ತು. ಪಡಸಾಲೆಯಲ್ಲಿ ಪತ್ತೇದಾರಿಕೆ ಶುರುವಾಯಿತು. ಸೋತ ಸುದ್ದಿಯನ್ನೆಲ್ಲ ಸರಕಾರ ಸೋಮವಾರಕ್ಕೆ ಇಟ್ಟು ಮುಚ್ಚಿಹಾಕುತ್ತದೆ ಎಂದು ಮಾವ. ಇದು ಜರ್ಮನಿಯವರ ಕಿತಾಪತಿ ಎಂದು ಎದುರುಮನೆಯ ಕಾಕಾ. ಜರ್ಮನಿಗೆ ನಮ್ಮ ಓಣಿಯ ಮೇಲೆ ಅಷ್ಟು ಕಣ್ಣೇಕೆ ಎಂದು ಯಾರೂ ಕೇಳಲಿಲ್ಲ.

ಪೇಟೆಯಿಂದ ರಿಪೇರಿಯ ಸಾಹೇಬರು ಬಂದು ಡಬ್ಬಿ ಬಿಚ್ಚಿ ನೋಡಿದರು. ಅವರು ಬಂದದ್ದು ಮಂಗಳವಾರ.

"ಇದಕ್ಕೇನೂ ಆಗಿಲ್ರಿ ಸಾವ್ಕಾರ್ರ. ನನಗಿಂತ ಛಲೋ ಐತಿ."

"ಹಂಗಾರ ಸೋಮವಾರ ಬಂದು ನೋಡ್ರಿ."

"ಸೋಮವಾರ ಅಂಗಡಿ ಸೂಟಿ ಇರ್ತೈತ್ರಿ."

ಆ ಮಾತಿನಿಂದ ಕಾಕಾಗೆ ಜರ್ಮನಿಯ ಜತೆಗೆ ಸಾಹೇಬರ ಮೇಲೂ ಸಂಶಯ ಬಂತು.

ನಾನು ಒಳಗೊಳಗೇ ನಗುತ್ತಿದ್ದೆ. ಆ ನಗು ನಿಂತದ್ದು ಮುಂಬಯಿಯಲ್ಲಿದ್ದ ನನ್ನ ಅಕ್ಕ ರೇಡಿಯೋದಲ್ಲಿ ವಚನ ಹಾಡುವುದು ಸೋಮವಾರ ಸಂಜೆಯೇ ಎಂದು ತಿಳಿದಾಗ. ಮನೆತನದ ಹೆಣ್ಣುಮಗಳು ನಾಲ್ಕು ಜನರೆದುರು ಹಾಡಿದಳೆಂದು ಅಪ್ಪ ವರ್ಷಗಟ್ಟಲೆ ಅವಳ ಜತೆ ಮಾತು ಬಿಟ್ಟಿದ್ದರು. ದಿನ ಯಾವುದೆಂದು ಗೊತ್ತಾಗುವ ಮೊದಲೇ ನಾನು ಅತ್ತು ಕರೆದು, ಒಮ್ಮೆ ಕೇಳಿ ನೋಡಲು ಅವರನ್ನು ಧಾರವಾಡದಿಂದ ಬರುವಂತೆ ಒಪ್ಪಿಸಿದ್ದೆ. ಅಪ್ಪ ಒಮ್ಮೆ ಒಪ್ಪುವುದೇ ಹೆಚ್ಚು. ಎರಡನೇ ಸಲ ಒಪ್ಪುವವರಲ್ಲ.

ಆ ಸೋಮವಾರ ಅಪ್ಪ ರುಮಾಲು ಸುತ್ತಿಕೊಂಡು, ನ್ಯಾಯ ಹೇಳಲು ಬಂದವರ ಹಾಗೆ ರೇಡಿಯೋದ ಮುಂದೆ ಕೂತರು. ಮಾವ ಗುಂಡಿ ತಿರುವಿದರು. ಚುರ್ರ್. ಕಾಕಾ ಡಬ್ಬಿಯ ಬೆನ್ನಿಗೆ ಎರಡು ಗುದ್ದಿದರು. ಚುರ್ರ್.

"ಕೇಳೂದ ಬ್ಯಾಡಂತ ಶಿವನ ಮನಸಿನ್ಯಾಗ ಐತಿ. ಮುಗೀತು ಬಿಡ್ರಿ ಬೀಗರ," ಎಂದು ಅಪ್ಪ ಎದ್ದರು.

ನಾನು ಯಾರಿಗೂ ಕಾಣದಂತೆ ಅಳಬೇಕೆಂದು ಮಾಳಿಗೆ ಹತ್ತಿದೆ. ಸೋಮವಾರ ಸಂಜೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಅತ್ತೆಯ ಮಡಿ ಸೀರೆ ಒಣಗುವ ಹೊತ್ತು ಅದು. ಅವರು ದಿನವಿಡೀ ಉಪವಾಸವಿದ್ದು, ಸಂಜೆ ಪೂಜೆ ಮುಗಿಸಿ, ಆ ಸೀರೆಯನ್ನು ತಾವೇ ಒಗೆದು ಹಾಕಿಬಂದು ಊಟಕ್ಕೆ ಕೂರುತ್ತಿದ್ದರು. ಎಲ್ಲಿ ಹಾಕುತ್ತಾರೆಂದು ನಾನು ನೋಡಿದ್ದು ಅಂದೇ. ಉಳಿದವರ ಬಟ್ಟೆ ಎಂದೂ ತಾಗದ ತಾಮ್ರದ ತಂತಿಯ ಮೇಲೆ ಒದ್ದೆ ಸೀರೆ ಜೋತುಬಿದ್ದು, ಅದರ ಸೆರಗು ಗೋಡೆಗೆ ಮೆತ್ತಿಕೊಂಡಿತ್ತು. ರೇಡಿಯೋದ ದನಿಯೆಲ್ಲ ಆ ಒದ್ದೆಯಲ್ಲಿ ಗೋಡೆಗೆ ಇಳಿದುಹೋಗುತ್ತಿತ್ತು.

ಮಡಿ ಮುಟ್ಟಿದ ಸೊಸೆಯನ್ನು ಅತ್ತೆ ಏನು ಮಾಡುತ್ತಾರೆಂದು ಯೋಚಿಸುತ್ತ ನಿಂತಿದ್ದರೆ ಅಷ್ಟರಲ್ಲಿ ಅಪ್ಪ ಓಣಿ ದಾಟಿಬಿಡುತ್ತಿದ್ದರು. ಸೀರೆಯನ್ನು ಎಳೆದು ಎದೆಗೆ ಅವಚಿಕೊಂಡೆ. ಕೆಳಗಿನಿಂದ ಅಕ್ಕನ ದನಿ ಎದ್ದು ಬಂತು, ದೊಡ್ಡದಾಗಿ, ನಮ್ಮ ಅಕ್ಕನ ದನಿಯೇ.

ತಿರುಗಿ ನೋಡಿದರೆ, ಎಂಜಲುಗೈಯಲ್ಲೇ ಎದ್ದು ಬಂದ ಅತ್ತೆ ಮೆಟ್ಟಿಲ ಮೇಲೆ ನಿಂತಿದ್ದರು.

"ಅಕ್ಕ ಹಾಡಾಕತ್ತಾಳ್ರಿ ಅತ್ತಿ..."

ಅವರು ಸೀರೆ ನೋಡಿದರು, ತಂತಿ ನೋಡಿದರು, ಸ್ವಲ್ಪ ಹೊತ್ತು ಹಾಡು ಕೇಳಿದರು.

"ಹಂಗ ಹಿಡ್ಕೊಂಡ ನಿಂದ್ರು. ಮತ್ತ ತಂತಿಗೆ ತಾಗಸಬ್ಯಾಡ."

ಹಾಡು ಮುಗಿಯುವವರೆಗೂ ನಾನು ಅಲ್ಲೇ ತೊಯ್ಯುತ್ತ ನಿಂತೆ. ಕೆಳಗೆ ಬಂದಾಗ ಅಪ್ಪ ಹೊಸ್ತಿಲಲ್ಲಿದ್ದರು, ಒಂದು ಕಾಲಿಗೆ ಜೋಡು, ಇನ್ನೊಂದು ಬರಿಗಾಲು. ಕಣ್ಣು ಒರೆಸಿಕೊಂಡದ್ದನ್ನು ಮುಚ್ಚಲು ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

"ಮುಂಬೈ ಗಾಡಿ ಎಷ್ಟೊತ್ತಿಗೈತ್ರಿ ಬೀಗರ?"

"ಯಾಕ್ರಿ, ಯಾರು ಹೊಂಟೀರಿ?" ಮಾವ ಕೇಳಿದರು.

"ನಾನ. ಛಲೋ ಹಾಡಿದಿ ಅಂತ ಆಕಿಗೆ ಹೇಳಬೇಕಲ್ರಿ. ಈ ಡಬ್ಬಿ ಮುಂದ ಹೇಳಿದ್ರ ಆಕಿಗೆ ಕೇಳಂಗಿಲ್ಲ."