ಲಿಫ್ಟ್ ಕಾಕಾರ ಸ್ಟೂಲ್

ಫ್ರೆಂಡ್ಸ್, ಇವತ್ತು ಹತ್ತು ಗಂಟೆಗೆ ಕಾಲೇಜಿನ ನಾಲ್ಕನೇ ಮಹಡಿಯಲ್ಲಿ ನನ್ನ ಮೊದಲ ವೈವಾ. ಲೇಟಾದರೆ ಆಬ್ಸೆಂಟ್. ಲಿಫ್ಟ್ ಬಾಗಿಲ ಮೇಲೆ ದೊಡ್ಡ ವೀಲ್‌ಚೇರ್ ಚಿತ್ರವೇನೋ ಇದೆ. ಆದರೆ ಒಳಗೆ ಲಿಫ್ಟ್‌ಮ್ಯಾನ್ ಕಾಕಾರ ಸ್ಟೂಲ್ ಇದ್ದರೆ ನನ್ನ ವೀಲ್‌ಚೇರ್ ಹಿಡಿಸುವುದಿಲ್ಲ.

"ಕಾಕಾ ಪ್ಲೀಸ್, ಸ್ಟೂಲ್ ಹೊರಗಿಡಿ, ಒಂದೇ ಟ್ರಿಪ್."

ಕಾಕಾರ ಮನೆ ಧಾರಾವಿ, ಊರು ವಿಜಯಪುರ. ಪ್ಯಾಂಟ್ ಎತ್ತಿ ಕೃತಕ ಕಾಲು ತೋರಿಸಿದರು. "ಹೆಂಗ್ ನಿಂದ್ರಲಿ ತಂಗಿ? ನಂದೂ ಅಂಗವಿಕಲರ ಕೋಟಾದಾಗಿನ ನೌಕರಿ. ಈ ಸ್ಟೂಲ್ ಸ್ಯಾಂಕ್ಷನ್ ಆಗಾಕ ಎರಡು ವರ್ಷ ಹಿಡೀತು. ಹೊರಗಿಟ್ಟರ ಯಾರರ ಒಯ್ತಾರ!"

ಒಂಬತ್ತು ಐವತ್ತೆಂಟು. ನನಗೆ ಅಳುವೇ ಬಂತು. "ಹಾಗಾದ್ರೆ ಸ್ಟೂಲ್ ನನ್ನ ಮಡಿಲಲ್ಲಿಡಿ. ನೀವು ನನ್ನ ಹಿಂದೆ ಹ್ಯಾಂಡಲ್ ಹಿಡ್ಕೊಂಡು ನಿಲ್ಲಿ."

ಕಾಕಾ ಒಪ್ಪಿದರು. ಇಬ್ಬರಿಗೂ ಜಾಗ ಸಾಕಾಯಿತು! ನಾಲ್ಕನೇ ಮಹಡಿ ಬಂದದ್ದೇ ತಡ, ಚಕ್ರ ತಳ್ಳಿಕೊಂಡು ಸೀದಾ ವೈವಾ ರೂಮಿಗೆ ನುಗ್ಗಿದೆ.

ಮ್ಯಾಮ್ ನನ್ನ ಮಡಿಲು ನೋಡಿದರು. "ನಿನ್ನ ಹತ್ರ ಕುರ್ಚಿ ಇದೆಯಲ್ಲ, ಮತ್ತೆ ಸ್ಟೂಲ್ ಯಾಕೆ ತಂದೆ?"

ಲಿಫ್ಟ್ ಕಡೆಯಿಂದ "ತಂಗೀ, ನನ್ನ ಸ್ಟೂಲ್!" ಅಂತ ಕೂಗು ಬೇರೆ.

ಎರಡು ವಾರ ಕೂತು ಓದಿದ್ದೇನೆ. ಈ ಒಂದು ಪ್ರಶ್ನೆ ಮಾತ್ರ ಯಾವ ನೋಟ್ಸಿನಲ್ಲೂ ಇರಲಿಲ್ಲ.