ಸೀರೆಯ ಮೇಲಿನ ಅಂಗಿ

ಕೊರೋನಾ ಕಳೆದು ಕಾಲೇಜುಗಳು ನೆಟ್ಟಗೆ ನಡೆಯತೊಡಗಿದ ಮರುವರ್ಷದ ಮಾತು. ಆಗ ನಾನು ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಕೇಂದ್ರಕ್ಕೆ ನಿರ್ದೇಶಕನಾಗಿದ್ದೆ. ಮಧುಗಿರಿ ದಾಟಿ ಪಾವಗಡದ ರಸ್ತೆಯಲ್ಲಿ ಒಂದಿಷ್ಟು ದೂರ ಹೋದರೆ ನಮ್ಮ ಕ್ಯಾಂಪಸ್ಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳು ಬೆಳಗಿನ ಬಸ್ಸು ಹಿಡಿದು ಬಂದು, ಸಂಜೆಯ ಬಸ್ಸಿಗೆ ಓಡುತ್ತಿದ್ದರು. ಪಾವಗಡದ ಗಡಿಯವರು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುತ್ತಿದ್ದರು. ನಾನೂ ಬರಗೂರಿನ ಹತ್ತಿರದ ಹಳ್ಳಿಯವನೇ ಆದ್ದರಿಂದ ಈ ಮಕ್ಕಳ ಮನೆ, ಊಟ, ಮಾತು ಎಲ್ಲ ನನಗೆ ಗೊತ್ತು ಎಂಬ ಧೈರ್ಯ ನನಗಿತ್ತು. ಆ ಧೈರ್ಯವೇ ನನ್ನನ್ನು ಕೆಡಿಸಿತು.

ಲಾಕ್‌ಡೌನಿನಲ್ಲಿ ತಂದೆತಾಯಿಗಳ ಸಂಪರ್ಕಕ್ಕೆಂದು ಒಂದು ವಾಟ್ಸಾಪ್ ಗುಂಪು ಮಾಡಿದ್ದೆವು. ಕಾಲೇಜು ತೆರೆದ ಮೇಲೂ ಅದನ್ನು ಮುಚ್ಚಲು ನನಗೆ ಮನಸ್ಸಾಗಲಿಲ್ಲ. ಪ್ರತಿ ಶನಿವಾರ ಸಂಜೆ 'ಕ್ಯಾಂಪಸ್ ಸಮಾಚಾರ' ಎಂದು ಹಾಕತೊಡಗಿದೆ. ಲೈಬ್ರರಿಗೆ ಹೊಸ ಪುಸ್ತಕ ಬಂತು, ಖೊಖೊದಲ್ಲಿ ಹುಡುಗಿಯರು ಗೆದ್ದರು, ನೀರಿನ ಟ್ಯಾಂಕು ತೊಳೆಸಿದೆವು, ಇಂಥ ಸುದ್ದಿಗಳು. ಓದಲು ಬಾರದ ತಾಯಂದಿರಿಗಾಗಿ ಅದನ್ನೇ ನನ್ನ ದನಿಯಲ್ಲಿ ಓದಿ ಆಡಿಯೋ ಮಾಡಿಯೂ ಕಳಿಸುತ್ತಿದ್ದೆ. ಒಂದೆರಡು ಊರುಗಳಲ್ಲಿ ಶನಿವಾರ ಸಂಜೆ ಜಗಲಿಯ ಮೇಲೆ ಫೋನು ಇಟ್ಟುಕೊಂಡು ಕೇಳುತ್ತಾರೆಂದು ಯಾರೋ ಹೇಳಿದಾಗ ನಾನು ನೆಲದ ಮೇಲೆ ನಿಲ್ಲಲಿಲ್ಲ. ಕುಲಪತಿಗಳು ಸಭೆಯೊಂದರಲ್ಲಿ, ಸಮಾಚಾರ ಕೊಡುವುದನ್ನು ಮಧುಗಿರಿಯವರಿಂದ ಕಲಿಯಿರಿ ಎಂದರು. ಮನೆಗೆ ಬಂದು ಹೆಂಡತಿಗೆ ಆ ಮಾತನ್ನು ಮೂರು ಸಲ ಹೇಳಿದೆ. ಮೂರನೇ ಸಲ ಅವಳು ಎದ್ದು ಅಡುಗೆಮನೆಗೆ ಹೋದಳು.

ಹೊಗಳಿಕೆಯ ರುಚಿ ಹತ್ತಿದವನು ಸುದ್ದಿ ಇದ್ದರೆ ಬರೆಯುವುದಿಲ್ಲ, ಬರೆಯುವುದಕ್ಕಾಗಿ ಸುದ್ದಿ ಮಾಡುತ್ತಾನೆ. ಜೊತೆಗೆ ಆ ವರ್ಷ ಕಾಲೇಜುಗಳಿಗೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿಯೂ ಬರುವುದಿತ್ತು. ಅವರಿಗೆ ಎಲ್ಲದಕ್ಕೂ 'ಜಿಯೋ-ಟ್ಯಾಗ್' ಫೋಟೋ ಬೇಕು, ಅಂದರೆ ತೆಗೆದ ಜಾಗ ಮತ್ತು ಹೊತ್ತು ಮೂಲೆಯಲ್ಲಿ ಅಚ್ಚಾಗಿರುವ ಫೋಟೋ. ನಾನು ಆ ಆ್ಯಪ್ ಹಾಕಿಸಿಕೊಂಡು, ಮೊಬೈಲು ಎತ್ತಿಕೊಂಡೇ ಕ್ಯಾಂಪಸ್ಸು ಸುತ್ತುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ 'ಹಳ್ಳಿ ಸೊಗಡು' ಎಂಬ ಕಾರ್ಯಕ್ರಮ ಇಟ್ಟೆವು. ಈಗ ಎಲ್ಲ ಕಾಲೇಜುಗಳಲ್ಲೂ ಇದೊಂದು ರೂಢಿ. ಮಕ್ಕಳು ಪಂಚೆ ಉಟ್ಟು, ಕಂಬಳಿ ಹೊದ್ದು, ಬುಟ್ಟಿ ಹೊತ್ತು ಬರಬೇಕು. ಒಳ್ಳೆಯ ವೇಷಕ್ಕೆ ಬಹುಮಾನ. ವಾಣಿಜ್ಯ ವಿಭಾಗದ ಮುಂದೆ ತೆಂಗಿನ ಗರಿಯ ಗುಡಿಸಲು ಎದ್ದಿತು. ಅದಕ್ಕೆ ಬೇಕಾದ ಬೀಸುವ ಕಲ್ಲು, ಮೊರ, ಕುಂಟೆ ಎಲ್ಲವನ್ನೂ ಮಕ್ಕಳೇ ತಂದರು. ಎಲ್ಲಿಂದ? ಅವರವರ ಮನೆಯಿಂದ. ಬೆಳಿಗ್ಗೆ ಅಮ್ಮ ರಾಗಿ ಕೇರುತ್ತಿದ್ದ ಮೊರವನ್ನೇ ಕಸಿದುಕೊಂಡು ಬಂದು, ಮಧ್ಯಾಹ್ನ ಅದಕ್ಕೆ 'ನಮ್ಮ ಪರಂಪರೆ' ಎಂದು ಬೋರ್ಡು ಹಾಕಿದ್ದರು. ಆ ತಮಾಷೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ದಿನ ಗುಡಿಸಲಿನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿರುವುದು ಕಂಡಿತು. ಮಾಸಿದ ಸೀರೆ, ಅದರ ಮೇಲೆ ಗಂಡಸಿನ ತುಂಬುತೋಳಿನ ಹಳೇ ಅಂಗಿ, ತಲೆಗೆ ಸುತ್ತಿದ ಟವೆಲು, ಪಾದಕ್ಕೆ ಮೆತ್ತಿದ ಕೆಂಪು ಮಣ್ಣು. ಕಳೆ ಕೀಳಲು ಹೋಗುವ ನಮ್ಮ ಕಡೆಯ ಹೆಂಗಸರು ಬಿಸಿಲಿಗೂ ಮುಳ್ಳಿಗೂ ಹಾಗೆ ಅಂಗಿ ಹಾಕಿಕೊಳ್ಳುತ್ತಾರೆ. ಅವಳು ತಲೆ ತಗ್ಗಿಸಿ, ನಾವು ಅಲಂಕಾರಕ್ಕೆ ಚೆಲ್ಲಿದ್ದ ರಾಗಿಯನ್ನು ಮೊರಕ್ಕೆ ಬಳಿದುಕೊಂಡು ಕಲ್ಲು ಆರಿಸುತ್ತಿದ್ದಳು. ಮಿಕ್ಕ ಹುಡುಗಿಯರೆಲ್ಲ ಬಾಡಿಗೆಯ ಇಳಕಲ್ ಸೀರೆಯಲ್ಲಿ ಮಿಂಚುತ್ತಿದ್ದಾಗ, ಅಂಗಿ ಹಾಕಿಕೊಳ್ಳಬೇಕೆಂದು ಹೊಳೆದ ಈ ಜಾಣೆ ಯಾರಪ್ಪಾ ಎಂದು ಬೆರಗಾದೆ. ದೂರದಿಂದಲೇ ಫೋಟೋ ಹೊಡೆದೆ. ಹತ್ತಿರ ಹೋಗಿ ಮಾತಾಡಿಸುವಷ್ಟು ಪುರುಸೊತ್ತು ನನಗಿರಲಿಲ್ಲ, ಅತಿಥಿಗಳು ಬಂದುಬಿಟ್ಟಿದ್ದರು.

ಸಮಾರೋಪದಲ್ಲಿ ನಾನು ತೆಗೆದ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾ ಹೋದೆವು. ಇವಳದು ಬಂದಾಗ ಮೈಕು ನನ್ನ ಕೈಯಲ್ಲೇ ಇತ್ತು.

"ನೋಡಿ ಇದನ್ನ! ಆ ಅಂಗಿ ನೋಡಿ, ಕಾಲಿನ ಮಣ್ಣು ನೋಡಿ. ಕೂಲಿಯವಳೇ ಎದ್ದು ಬಂದ ಹಾಗಿಲ್ವಾ? ಈ ವೇಷ ಹಾಕಿದ ಪ್ರತಿಭೆ ಯಾರಮ್ಮಾ? ಸ್ಟೇಜಿಗೆ ಬಾ!"

ಸಭೆ ಹೋ ಎಂದು ನಕ್ಕಿತು, ಚಪ್ಪಾಳೆ ಬಿತ್ತು. ಯಾರೂ ಬರಲಿಲ್ಲ. ಪಾಪ, ನಾಚಿಕೆ ಸ್ವಭಾವ ಇರಬೇಕು ಎಂದು ನಾನೇ ಇನ್ನೊಂದು ಸಲ ನಗಿಸಿ, ಮೊದಲ ಬಹುಮಾನವನ್ನು ಮೇಜಿನ ಮೇಲೆ ಕಾದಿರಿಸಿದೆ. ಸಂಜೆಯ ಸಮಾಚಾರಕ್ಕೆ ಅದೇ 'ವಾರದ ಚಿತ್ರ'ವಾಯಿತು. 'ಕೂಲಿ ಹೆಣ್ಣಿನ ಪಾತ್ರಕ್ಕೆ ಜೀವ ತುಂಬಿದ ನಮ್ಮ ವಿದ್ಯಾರ್ಥಿನಿ' ಎಂದು ಕೆಳಗೆ ಬರೆದೆ. ಆಡಿಯೋದಲ್ಲಿ ಆ ವಾಕ್ಯಕ್ಕೆ ಬಂದಾಗ ದನಿಯನ್ನು ಒಂಚೂರು ಏರಿಸಿದ್ದೂ ನೆನಪಿದೆ.

ಮಂಗಳವಾರ ಬೆಳಿಗ್ಗೆ ನಮ್ಮ ಕನ್ನಡ ಅಧ್ಯಾಪಕಿ ಭಾಗ್ಯ ಮೇಡಂ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. "ಸಾರ್, ಆ ಫೋಟೋದಲ್ಲಿರೋದು ವಿದ್ಯಾರ್ಥಿನಿ ಅಲ್ಲ. ಎಂ.ಕಾಂ. ಕೊನೇ ವರ್ಷದ ಚೈತ್ರ ಇದ್ದಾಳಲ್ಲ, ಐ.ಡಿ.ಹಳ್ಳಿ ಕಡೆಯವಳು, ಅವಳ ತಾಯಿ. ಹುಡುಗಿ ನಿನ್ನೆಯಿಂದ ಬಂದಿಲ್ಲ. ಇನ್ನು ಬರಲ್ಲವಂತೆ, ಪರೀಕ್ಷೆನೂ ಬರೆಯಲ್ಲವಂತೆ."

ನಾನು ಫೋನಿನಲ್ಲಿ ಆ ಫೋಟೋ ತೆರೆದು ನೋಡಿದೆ. ಆಮೇಲೆ ವಾಚ್‌ಮನ್ ಬಾಷಾನನ್ನು ಕರೆಸಿ ಕೇಳಿದೆ. ಅವನು ಶಿರಾದವನು, ಗೇಟಿನಲ್ಲಿ ಬಂದುಹೋಗುವ ಒಬ್ಬರನ್ನೂ ಮರೆಯುವವನಲ್ಲ.

"ಹೌದು ಸಾಬ್, ಆ ಅಮ್ಮ ಮಗಳ ಕನ್ನಡಕ ಕೊಡೋಕೆ ಬಂದಿತ್ತು. ಹುಡುಗಿ ಬೆಳಿಗ್ಗೆ ಬಸ್ಸಿಗೆ ಓಡ್ತಾ ಮನೇಲೇ ಮರ್ತು ಬಂದಿದ್ಲಂತೆ. ಪ್ರೋಗ್ರಾಂ ಮುಗೀಲಿ, ಅಲ್ಲಿ ನೆರಳಲ್ಲಿ ಕೂತ್ಕೊಳಮ್ಮ ಅಂತ ಯಾರೋ ಹುಡುಗ್ರು ಹೇಳಿದ್ರು. ಆಮೇಲೆ ಹಾಲ್ ಬಾಗಿಲಲ್ಲಿ ನಿಂತಿತ್ತು. ಒಂದು ಸಲ ಒಳಗೆ ಜೋರು ಚಪ್ಪಾಳೆ ಆಯ್ತು ನೋಡಿ, ಸೀದಾ ನನ್ನ ಹತ್ರ ಬಂದು ಕನ್ನಡಕ ಕೊಟ್ಟು, ಮಗಳಿಗೆ ಕೊಡಪ್ಪ ಅಂತ ಹೇಳಿ ಹೋಗ್ಬಿಡ್ತು."

ನನಗೆ ಆದದ್ದನ್ನು ದುಃಖ ಎಂದರೆ ಸುಳ್ಳಾಗುತ್ತದೆ. ಅದು ನಾಚಿಕೆ. ಕಿವಿ ಬಿಸಿಯಾಗಿ, ಬಾಷಾನ ಮುಖವನ್ನೂ ನೋಡಲಾರದಂಥ ನಾಚಿಕೆ. ಬರಗೂರಿನ ಹೊಲದಲ್ಲಿ ನನ್ನ ಅಮ್ಮ ನನ್ನಪ್ಪನ ಅಂಗಿ ಹಾಕಿಕೊಂಡು ಕಳೆ ಕಿತ್ತವಳು. ಆ ಅಂಗಿಯ ತೋಳಿಗೆ ಮುಖ ಒರೆಸಿಕೊಂಡು ಬೆಳೆದವನು ನಾನು. ಈಗ ಅದೇ ಅಂಗಿ ಎದುರಿಗೆ ಬಂದು ಕೂತರೆ ವೇಷ ಎಂದುಕೊಂಡೆ. ಫೋಟೋ ಅಳಿಸಲು ಹೋದೆ, ನನ್ನ ಗುಂಪಿನಿಂದ ಹೋಯಿತು. ಆದರೆ ಆ ಹೊತ್ತಿಗೆ ಅದು ಊರೂರಿನ ಗುಂಪುಗಳಿಗೆ ಹಾದು, ಚೈತ್ರಳ ಊರಿನಲ್ಲೂ ಎಲ್ಲರ ಕೈಗೆ ಬಂದಿತ್ತು.

ಅಂದು ಮಧ್ಯಾಹ್ನವೇ ಭಾಗ್ಯ ಮೇಡಂ ಜೊತೆ ಕಾರಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕ್ಷಮೆಯ ಮಾತು ಜೋಡಿಸಿದೆ. ಅದು ಚೆನ್ನಾಗಿ ಬರುತ್ತಿದೆ ಎಂದು ಅನಿಸಿದಾಗ ನನ್ನ ಮೇಲೇ ಅಸಹ್ಯವಾಯಿತು.

ಚೈತ್ರಳ ತಾಯಿಯ ಹೆಸರು ಹನುಮಕ್ಕ. ನಮ್ಮನ್ನು ಕಂಡವಳೇ ಒಳಗೋಡಿ ಕುರ್ಚಿ ತಂದು, ಸೆರಗಿನಿಂದ ಒರೆಸಿ ಇಟ್ಟಳು. ನಾನು ಕೂರುವ ಮೊದಲೇ ಅವಳೇ ಶುರುಮಾಡಿದಳು.

"ತಪ್ಪು ನಂದೇ ಕಣ್ ಸಾ. ಹೊಲದಿಂದ ಮನಿಗೆ ಬಂದು ನೋಡ್ತೀನಿ, ಕನ್ನಡಕ ಕಿಟಕೀಲೇ ಐತೆ. ಅದಿಲ್ದೆ ಅವಳಿಗೆ ಎದುರ್ಗಡೆ ನಿಂತೋರೂ ಕಾಣಾಕಿಲ್ಲ. ಬಸ್ಸು ತಪ್ಪೋಯ್ತದೆ ಅಂತ ಅಂಗೇ ಹತ್ಬುಟ್ಟೆ. ಸೀರೆ ಬದ್ಲಾಯ್ಸಿ, ಒಳ್ಳೇದುಟ್ಕಂಡು ಬರಬೇಕಾಗಿತ್ತು. ಅಷ್ಟು ದೊಡ್ ಕಾಲೇಜು, ಮರ್ಯಾದೆ ಕಳ್ದ್ಬುಟ್ಟೆ."

ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಇಲ್ಲಮ್ಮ, ತಪ್ಪು ನಂದು" ಎಂದಷ್ಟೇ ಬಂತು. ಸುಮ್ಮನಿದ್ದರೆ ಆಗುತ್ತಿತ್ತು. ನಾನು ಮುಂದುವರಿದು, "ಈ ಶನಿವಾರದ ಸಮಾಚಾರದಲ್ಲಿ ನಿಮ್ಮ ಹೆಸರು ಹಾಕಿ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ" ಎಂದೆ.

ಆಗ ಚೈತ್ರ ಒಳಗಿನಿಂದ ಬಂದಳು. ಕನ್ನಡಕ ಹಾಕಿದ್ದಳು, ಕಣ್ಣು ಊದಿತ್ತು.

"ಬೇಡ ಸಾರ್. ಈಗ ಬರೀ ಫೋಟೋ ಐತೆ. ನೀವು ಅದಕ್ಕೆ ಹೆಸರೂ ಹಾಕ್ಬುಡ್ತೀರಿ, ಅಷ್ಟೇ. ನೋಡ್ದೆ ಇರೋರೂ ಹುಡುಕ್ಕಂಡು ನೋಡ್ತಾರೆ."

ಅವಳು ಹೇಳಿದ್ದು ನಿಜ. ಕ್ಷಮೆ ಕೇಳುವುದನ್ನೂ ನಾನು ವಾರದ ಸುದ್ದಿ ಮಾಡಲು ಹೊರಟಿದ್ದೆ. "ಸರಿಯಮ್ಮ, ಏನೂ ಹಾಕಲ್ಲ. ನೀನು ಕ್ಲಾಸಿಗೆ ಬಾ, ಪರೀಕ್ಷೆ ಹತ್ತಿರ ಇದೆ. ಈಗ ಬಿಟ್ಟರೆ ಹಾಜರಾತಿ ಕಡಿಮೆಯಾಗಿ ಕೂರೋಕೇ ಬಿಡಲ್ಲ. ಒಂದು ವರ್ಷ ಹೋಗುತ್ತೆ" ಎಂದೆ.

"ಹೆಂಗ್ ಬರ್ಲಿ ಸಾರ್? ನೀವು ಮೈಕಲ್ಲಿ ಹೇಳಿದಾಗ ಎಲ್ರ ಜೊತೆ ನಾನೂ ನಕ್ಕೆ. ಪರದೆ ಮ್ಯಾಲೆ ನಂಗೆ ಏನೂ ಸರಿಯಾಗಿ ಕಾಣ್ತಿರ್ಲಿಲ್ಲ, ಆದ್ರೂ ಚಪ್ಪಾಳೆ ಹೊಡ್ದೆ. ನಮ್ಮಮ್ಮ ಬಾಗಿಲಲ್ಲಿ ನಿಂತ್ಕಂಡು ನನ್ನೇ ನೋಡ್ತಿದ್ಲಂತೆ. ಸಂಜೆ ಬಸ್ಸಲ್ಲಿ ಕನ್ನಡಕ ಹಾಕ್ಕಂಡು ಫೋನ್ ತೆಗೆದ್ರೆ..." ಎಂದವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. "ಆ ಹಾಲಿಗೆ ನಾ ಬರಾಕಿಲ್ಲ ಸಾರ್."

ಭಾಗ್ಯ ಮೇಡಂ ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ಹೊತ್ತು ನಮ್ಮ ಮುಂದೆ ಕುಗ್ಗಿ ನಿಂತಿದ್ದ ಹನುಮಕ್ಕ ಆಗ ಮಗಳ ಕಡೆ ತಿರುಗಿದಳು. ಅವಳ ದನಿಯೇ ಬೇರೆಯಾಗಿತ್ತು.

"ಲೇ, ಕನ್ನಡಕ ನನ್ ಮಡ್ಲಲ್ಲಿತ್ತು ಕಣೇ. ನಂಗೆ ಗೊತ್ತಿಲ್ವಾ? ನೀನು ಕಾಣ್ದೆ ಚಪ್ಪಾಳೆ ಹೊಡ್ದೆ. ಕಣ್ಣು ಕಾಣೋರೆಲ್ಲ ದಿನಾ ಕಾಲೇಜಿಗೆ ಹೋಗ್ತಾವ್ರೆ, ನೀನ್ಯಾಕಮ್ಮ ಬುಡ್ಬೇಕು?"

ಅವಳು ನನ್ನ ಕಡೆ ನೋಡಲಿಲ್ಲ. ಚುಚ್ಚಬೇಕೆಂದು ಆಡಿದ ಮಾತೂ ಅದಲ್ಲ, ಮಗಳಿಗೆ ಸಮಾಧಾನ ಹೇಳುತ್ತಿದ್ದಳು, ಅಷ್ಟೇ. ಆದರೆ ನನ್ನ ಕೈ ತಾನಾಗಿಯೇ ಹೋಗಿ ನನ್ನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿತು. ಮತ್ತೆ ಹಾಕಿಕೊಂಡು ಆ ಇಬ್ಬರನ್ನು ನೋಡಲು ನನಗೆ ಬಹಳ ಹೊತ್ತು ಬೇಕಾಯಿತು. ಹನುಮಕ್ಕ ಕಾಫಿ ಮಾಡಿ ಕೊಟ್ಟಳು. ಕುಡಿದು ಎದ್ದೆ.

ಚೈತ್ರ ಗುರುವಾರ ಬಂದಳು. ನಾನು ಆ ತರಗತಿಗೆ ಒಬ್ಬನೇ ಹೋಗಿ, ಫೋನನ್ನು ಕೋಣೆಯಲ್ಲೇ ಬಿಟ್ಟು, ಆದದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. ಯಾರ ಹೆಸರನ್ನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಲ್ಲಿ ಕೂತಿದ್ದ ಎಷ್ಟೋ ಮಕ್ಕಳು ತಲೆ ತಗ್ಗಿಸಿದರು. ಅವರ ಅಮ್ಮಂದಿರ ಹತ್ತಿರವೂ ಅಂಥದೊಂದು ಅಂಗಿ ಇತ್ತೆಂದು ಕಾಣುತ್ತದೆ.

ಆಮೇಲೂ ಸಮಾಚಾರ ನಿಲ್ಲಿಸಲಿಲ್ಲ, ಕೆಲವು ತಾಯಂದಿರು ಅದಕ್ಕೆ ಕಾಯುತ್ತಿದ್ದರು. ಆದರೆ ಹತ್ತಿರ ಹೋಗಿ, ಹೆಸರು ಕೇಳಿ, ಹಾಕಲೇ ಎಂದು ಕೇಳದೆ ಒಬ್ಬರ ಚಿತ್ರವನ್ನೂ ತೆಗೆಯಲಿಲ್ಲ. ಹಾಗೆ ಕೇಳತೊಡಗಿದ ಮೇಲೆ ಸಮಾಚಾರ ಚಿಕ್ಕದಾಯಿತು, ಕುಲಪತಿಗಳ ಹೊಗಳಿಕೆಯೂ ನಿಂತಿತು. ಹಳ್ಳಿಯ ಮಕ್ಕಳಿಗೆ ಹಳ್ಳಿಯ ವೇಷ ಹಾಕಿಸುವ ಕಾರ್ಯಕ್ರಮವನ್ನು ನಾನಿರುವ ತನಕ ಮತ್ತೆ ಮಾಡಲಿಲ್ಲ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದೇ: ಒಂದು ಸಂಸ್ಥೆಯ ಸುದ್ದಿ ಹೇಳುವವನು ಮೊದಲು ಅಲ್ಲಿಗೆ ಬಂದವರನ್ನು ಯಾರು, ಏನು, ಊಟ ಆಯ್ತಾ ಎಂದು ಕೇಳಬೇಕು. ಬಾಷಾ ಗೇಟಿನಲ್ಲಿ ದಿನವೂ ಕೇಳುತ್ತಿದ್ದ.

ಪರೀಕ್ಷೆಯ ಕೊನೆಯ ದಿನ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಹನುಮಕ್ಕ ನಿಂತಿದ್ದಳು. ಮಗಳು ಬರೆದು ಮುಗಿಸಿ ಬರುವುದನ್ನು ನೋಡಬೇಕೆಂದು ಬಂದಿದ್ದಳು. ಮಡಿಕೆ ಮುರಿಯದ ಹಸಿರು ಸೀರೆ, ಮುಡಿಯಲ್ಲಿ ಹೂವು. ಆ ಬಿಸಿಲಿಗೆ ಹಣೆಯ ಕುಂಕುಮ ಬೆವರಿನಲ್ಲಿ ಇಳಿಯುತ್ತಿತ್ತು. ನಾನು ಹತ್ತಿರ ಹೋಗಿ ನಮಸ್ಕಾರ ಹೇಳಿ, ಒಳಗೆ ಬಂದು ಕೂತ್ಕೊಳಮ್ಮ ಎಂದು ಕರೆದೆ. ಅವಳು ಸೆರಗನ್ನು ಎರಡೂ ಕೈಯಲ್ಲಿ ಸರಿಮಾಡಿಕೊಂಡು, ನಾನು ನೋಡಲೆಂದು ಒಂದು ಹೆಜ್ಜೆ ನೆರಳಿನಿಂದ ಆಚೆ ಬಂದಳು.

"ಇವತ್ತು ಅಂಗಿ ಹಾಕ್ಕಂಡ್ ಬಂದಿಲ್ಲ ಸಾ" ಎಂದಳು.