ದೊಡ್ಡಮ್ಮ ಬೆಸೆದ ಸೈಕಲ್ಲು

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಶಾಲೆ ಬಿಟ್ಟ ಮೇಲೆ ಬರೆಯುವುದು ತಪ್ಪಿಹೋಗಿದೆ, ಸಾಲು ಬಲಗಡೆಗೆ ಇಳಿದುಬಿಡುತ್ತದೆ. ಮಾತುಗಳೂ ನನಗೆ ಕಡಿಮೆ. ಬೀದಿಯ ಕೊನೆಯ ವಾಚನಾಲಯದವರು ‘ನೀವು ಹತ್ತಿರದಿಂದ ಕಂಡ ಒಬ್ಬರ ಬಗ್ಗೆ ಬರೆದುಕೊಡಿ, ಗೋಡೆಗೆ ಹಾಕುತ್ತೇವೆ’ ಎಂದು ಕೇಳಿದ್ದರಿಂದ ಮೊದಲು ಪೆನ್ಸಿಲಿನಲ್ಲಿ ಬರೆದು, ತಿದ್ದಿ, ಈಗ ಶಾಯಿಯಲ್ಲಿ ಬರೆಯುತ್ತಿದ್ದೇನೆ. ಇದು ನನ್ನ ದೊಡ್ಡಮ್ಮನ ವಿಷಯ. ಅವಳು ಅಮ್ಮನ ಅಕ್ಕ, ನಮ್ಮ ಜೊತೆಯಲ್ಲೇ ಇದ್ದಾಳೆ.

ದೊಡ್ಡಮ್ಮ ಹರೆಯದಲ್ಲೇ ಊರಿನ ಸೈಕಲ್ ಕಾರ್ಖಾನೆಗೆ ಸೇರಿದವಳು. ಎತ್ತರದ ಹ್ಯಾಂಡಲ್, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವಚ, ತಂತಿಯ ಬದಲು ಕಂಬಿಯಿಂದ ಎಳೆಯುವ ಬ್ರೇಕು, ಹಿಂದೆ ಮೂಟೆ ಹೊರುವ ಕ್ಯಾರಿಯರ್, ಇಂಥ ಹಳೇ ಕಾಲದ ಸೈಕಲ್ಲುಗಳು ಅಲ್ಲಿ ತಯಾರಾಗುತ್ತಿದ್ದವು. ಅದರ ಫ್ರೇಮಿನಲ್ಲಿ ಪೈಪು ಪೈಪು ಸೇರುವ ಕಡೆಯಲ್ಲೆಲ್ಲ ಅಂಗಿಯ ತೋಳಿನಂಥ ಒಂದು ಉಕ್ಕಿನ ತುಂಡು ಇರುತ್ತದೆ. ಅದಕ್ಕೆ ಲಗ್ಗು ಎನ್ನುತ್ತಾರೆ. ಪೈಪನ್ನು ಲಗ್ಗಿನೊಳಗೆ ತೂರಿಸಿ, ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸಿ, ಹಿತ್ತಾಳೆ ಕಡ್ಡಿಯನ್ನು ತಾಕಿಸಿದರೆ ಹಿತ್ತಾಳೆ ಕರಗಿ ಸಂದಿಯೊಳಗೆ ತಾನಾಗಿ ಹರಿದು ಕೂರುತ್ತದೆ. ಅದೇ ದೊಡ್ಡಮ್ಮನ ಕೆಲಸ. ಜೊತೆಯವರು ಅವಳನ್ನು ಹಿತ್ತಾಳೆ ಅಕ್ಕ ಎಂದು ಕರೆಯುತ್ತಿದ್ದರು. ಈಗಲೂ ಮಾರುಕಟ್ಟೆಯಲ್ಲಿ ಯಾರಾದರೂ ಹಾಗೆ ಕೂಗಿದರೆ ಯಾರೆಂದು ತಿರುಗಿ ನೋಡುವ ಮೊದಲೇ ನಗುತ್ತಾಳೆ.

ಬೆಸುಗೆ ಹಾಕುವ ಕೋಣೆಗೆ ಕೆಲಸದವರು ಇಟ್ಟ ಹೆಸರು ‘ಗವಿ’. ಅದರ ಕಿಟಕಿ ಗಾಜುಗಳಿಗೆಲ್ಲ ಕಪ್ಪು ಬಣ್ಣ ಬಳಿದಿತ್ತಂತೆ. ಒಳಗೆ ಒಂದೇ ಒಂದು ಮಂಕು ಬಲ್ಬು. ಬೆಳಕು ಕೊಡಿ ಎಂದು ದೊಡ್ಡಮ್ಮನೇ ಮುಂದಾಗಿ ಎಷ್ಟೋ ಸಲ ಕೇಳಿದ್ದಾಳೆ. ಮೇಸ್ತ್ರಿ, “ನಾನು ಸೇರಿದಾಗಿನಿಂದ ಹೀಗೇ ಇದೆ ತಾಯಿ, ಕತ್ತಲಲ್ಲಿ ನಾವೆಲ್ಲ ಎಷ್ಟು ಚೆಂದ ಕಾಣ್ತೀವಿ ನೋಡಿ” ಎಂದು ನಕ್ಕು ತೇಲಿಸಿಬಿಡುತ್ತಿದ್ದರಂತೆ. ಯಜಮಾನರ ಜಿಪುಣತನ ಎಂದೇ ಎಲ್ಲರೂ ಬೈದುಕೊಳ್ಳುತ್ತಿದ್ದರು.

ಆಮೇಲೆ ಕಾರ್ಖಾನೆ ಮುಚ್ಚಿತು. ಸೈಕಲ್ಲುಗಳು ಹೊರದೇಶದಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬರತೊಡಗಿದವು. ದೊಡ್ಡಮ್ಮ ಮುಖ್ಯರಸ್ತೆಯ ಸೈಕಲ್ ಅಂಗಡಿಯಲ್ಲಿ ಆ ಪೆಟ್ಟಿಗೆ ಬಿಚ್ಚಿ, ಚಕ್ರ ಹ್ಯಾಂಡಲ್ ಜೋಡಿಸುವ ಕೆಲಸಕ್ಕೆ ಸೇರಿದಳು. ಹಳೇ ಮಾದರಿಯ ಸೈಕಲ್ಲನ್ನು ಜನ ಈಗ ಮತ್ತೆ ಕೇಳುತ್ತಾರೆ. ಅದೂ ಪೆಟ್ಟಿಗೆಯಲ್ಲೇ ಬರುತ್ತದೆ. ಪ್ರತಿ ಸಲವೂ ಅವಳು ಅದರ ಬೆಸುಗೆಯ ಮೇಲೆ ಉಗುರಿನಿಂದ ಗೀರಿ ನೋಡಿ ಸುಮ್ಮನಾಗುತ್ತಿದ್ದಳು. ಒಂದು ದಿನ ಮಾತ್ರ ಸುಮ್ಮನಾಗಲಿಲ್ಲ.

“ಇದನ್ನ ಇಲ್ಲೇ ಮಾಡಬಹುದು” ಅಂದಳು.

ಅಂಗಡಿ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. “ಯಾರು ಮಾಡ್ತಾರೆ ಅಕ್ಕಾ?”

“ನಾನು.”

“ಅಷ್ಟು ದೊಡ್ಡ ಕಾರ್ಖಾನೆ ಕೈಲಿ ಆಗಲಿಲ್ಲ.”

“ಕಾರ್ಖಾನೆ ಮುಚ್ಚಿತು. ನನ್ನ ಕೈಗೇನು ಬೀಗ ಹಾಕಿದಾರಾ?”

ಯಜಮಾನರು ಒಳ್ಳೆಯವರು, ಆದರೆ ಸುಲಭಕ್ಕೆ ಒಪ್ಪುವವರಲ್ಲ. ಹೊರದೇಶಕ್ಕೆ ಮುಂದಿನ ಆರ್ಡರು ಕಳಿಸುವುದಕ್ಕೆ ಇನ್ನೊಂದು ತಿಂಗಳಿತ್ತು. ಅಷ್ಟರೊಳಗೆ ದೊಡ್ಡಮ್ಮ ಒಂದು ಫ್ರೇಮು ಮಾಡಿಕೊಡಬೇಕು. ಹಾಲಿನವನು ತುಂಬಿದ ಕ್ಯಾನುಗಳನ್ನು ಕಟ್ಟಿಕೊಂಡು ಅದನ್ನು ಮಾರುಕಟ್ಟೆಯ ಹಿಂದಿನ ಗುಂಡಿ ರಸ್ತೆಯಲ್ಲಿ ದಿನಾ ಓಡಿಸಬೇಕು. ಅದು ತಡೆದುಕೊಂಡರೆ ಇನ್ನು ಮುಂದೆ ಹಳೇ ಮಾದರಿಯ ಫ್ರೇಮುಗಳನ್ನೆಲ್ಲ ಅವಳಿಂದಲೇ ಮಾಡಿಸುತ್ತಾರೆ. ಇಲ್ಲದಿದ್ದರೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ.

ನಮ್ಮ ಮನೆಯ ಹಿಂದೆ ಸೌದೆ ಇಡುತ್ತಿದ್ದ ಕೋಣೆಯನ್ನು ದೊಡ್ಡಮ್ಮ ಖಾಲಿ ಮಾಡಿಸಿದಳು. ಗೋಡೆಗೆ ಸುಣ್ಣ ಹೊಡೆಸಿದಳು, ಎರಡು ಕಡೆ ದೊಡ್ಡ ಕಿಟಕಿ ಇಡಿಸಿದಳು, ಮೇಲೆ ಟ್ಯೂಬ್‌ಲೈಟುಗಳು.

“ಇದೇನಕ್ಕಾ, ಬೆಸುಗೆ ಹಾಕ್ತೀಯೋ ಫೋಟೋ ತೆಗೀತೀಯೋ?” ಎಂದಳು ಅಮ್ಮ.

“ಆಯಸ್ಸೆಲ್ಲ ಗವಿಯಲ್ಲಿ ಕೂತಿದೀನಿ. ಇನ್ನಾದರೂ ಮನುಷ್ಯರ ಹಾಗೆ ಕೆಲಸ ಮಾಡ್ತೀನಿ ಬಿಡು” ಎಂದಳು ದೊಡ್ಡಮ್ಮ.

ನನ್ನ ಕೆಲಸ ಲಗ್ಗುಗಳ ಒಳಮೈಯನ್ನು ಅರದಿಂದ ಉಜ್ಜಿ ಹೊಳಪು ಬರಿಸುವುದು. ಬೆರಳಿನ ಜಿಡ್ಡು ತಾಗಿದರೂ ಹಿತ್ತಾಳೆ ಮುನಿಸಿಕೊಂಡು ಹರಿಯುವುದಿಲ್ಲ ಎಂದು ದೊಡ್ಡಮ್ಮ ಹೇಳಿಕೊಟ್ಟಿದ್ದಳು. ಅವಳು ನನಗೆ ಯಾವತ್ತೂ ‘ಇಷ್ಟೂ ಗೊತ್ತಿಲ್ಲವಾ’ ಎಂದು ಕೇಳಿದವಳಲ್ಲ. ತಪ್ಪಿದರೆ ತುಂಡನ್ನು ನನ್ನ ಕೈಗೇ ವಾಪಸ್ಸು ಕೊಟ್ಟು, ನಾನೇ ಕಂಡುಹಿಡಿಯುವ ತನಕ ಕಾಯುತ್ತಾಳೆ.

ಮೊದಲ ಫ್ರೇಮು ಕಣ್ಣಿಗೆ ಹಬ್ಬದ ಹಾಗಿತ್ತು. ಲಗ್ಗಿನ ಅಂಚಿನಲ್ಲಿ ಹಿತ್ತಾಳೆ ತೆಳ್ಳಗೆ ಚಿನ್ನದ ದಾರದಂತೆ ಕಾಣುತ್ತಿತ್ತು. ಅಂಗಡಿಯಲ್ಲಿ ಅದಕ್ಕೆ ಚಕ್ರ ಹ್ಯಾಂಡಲ್ ಜೋಡಿಸಿದ ಮೇಲೆ ಹಾಲಿನವನು ಹತ್ತಿಕೊಂಡು ಹೋದ. ವಾರ ತುಂಬುವ ಮೊದಲೇ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ.

“ಅಕ್ಕಾ, ಇವತ್ತು ನಿಮ್ಮ ಸೈಕಲ್ಲೇ ನನ್ನ ಮೇಲೆ ಸವಾರಿ ಮಾಡ್ತು” ಎಂದ.

“ನಿನಗೆ ಪೆಟ್ಟಾಯಿತೇನಪ್ಪಾ?”

“ನನಗೇನಿಲ್ಲ. ರಸ್ತೆಗೆ ಹಾಲಿನ ಸ್ನಾನ ಆಯ್ತು, ಅಷ್ಟೇ.”

ಹ್ಯಾಂಡಲಿನ ಕೆಳಗೆ, ಲಗ್ಗಿನ ಪಕ್ಕದಲ್ಲೇ ಪೈಪು ಮುರಿದಿತ್ತು. ದೊಡ್ಡಮ್ಮನ ಮುಖ ಸಣ್ಣಗಾಯಿತು. ಯಜಮಾನರು ಸಂಜೆ ತಾವೇ ಮನೆಗೆ ಬಂದರು. “ಬೇಜಾರು ಮಾಡ್ಕೋಬೇಡಿ ಅಕ್ಕಾ. ಹೊರದೇಶದವರು ಮಾಡಿ ಕಳಿಸಲಿ, ನಾವು ಜೋಡಿಸೋಣ. ಅದೂ ಕೆಲಸವೇ ಅಲ್ವಾ?” ಎಂದರು. ಅವರು ಮೃದುವಾಗಿ ಹೇಳಿದ್ದರಿಂದಲೇ ಕೇಳುವುದಕ್ಕೆ ಹೆಚ್ಚು ಕಷ್ಟವಾಯಿತು.

“ಆರ್ಡರು ಕಳಿಸೋಕೆ ಇನ್ನೂ ದಿನ ಇದೆ. ಅಲ್ಲೀತನಕ ನನ್ನ ಮಾತು ನಡೀಲಿ” ಎಂದಳು ದೊಡ್ಡಮ್ಮ.

ಪೈಪಿನ ಮುರಿದ ಬಾಯನ್ನು ಅವಳು ಬಹಳ ಹೊತ್ತು ನೋಡಿದಳು. ಹಿತ್ತಾಳೆ ಸರಿಯಾಗಿಯೇ ಹರಿದಿತ್ತು. ಪಕ್ಕದ ಉಕ್ಕು ಮಾತ್ರ ಸಕ್ಕರೆ ಹರಳಿನ ಹಾಗೆ ದಪ್ಪ ದಪ್ಪ ಕಾಳುಗಟ್ಟಿತ್ತು. “ಅತಿಯಾಗಿ ಕಾಯಿಸಿದರೆ ಹೀಗಾಗುತ್ತೆ. ಆದರೆ ಕಾದ ಉಕ್ಕಿನಲ್ಲಿ ನಾನು ಯಾವಾಗಲೂ ನೋಡೋ ಬಣ್ಣಕ್ಕೇ ಉರಿ ನಿಲ್ಲಿಸಿದ್ದೆ ಕಣೇ” ಎಂದಳು. ಗ್ಯಾಸು ಬದಲಿಸಿದಳು, ಹಿತ್ತಾಳೆ ಕಡ್ಡಿ ಬದಲಿಸಿದಳು. ಚೂರು ಪೈಪುಗಳನ್ನು ಬೆಸೆದು ಸುತ್ತಿಗೆಯಿಂದ ಹೊಡೆದು ನೋಡಿದಳು. ಎಲ್ಲವೂ ಅದೇ ಜಾಗದಲ್ಲಿ ಮುರಿದವು. ಒಂದು ಸಲ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ಆ ಕಡೆ ನೋಡದವಳ ಹಾಗೆ ಉಜ್ಜುತ್ತಿದ್ದೆ.

ಮರುದಿನ ಮಧ್ಯಾಹ್ನ ಅಮ್ಮ ಕಂಬಳಿಗಳನ್ನು ಒಗೆದಿದ್ದಳು. ಹಗ್ಗದಲ್ಲಿ ಜಾಗ ಸಾಲದೆ ನಮ್ಮ ಕೋಣೆಯ ಎರಡೂ ಕಿಟಕಿಗಳ ಸರಳಿಗೆ ಹೊರಗಿನಿಂದ ಒಂದೊಂದು ಕಂಬಳಿ ಹರವಿಬಿಟ್ಟಳು. ಕರೆಂಟೂ ಹೋಗಿತ್ತು. ಆಗ ದೊಡ್ಡಮ್ಮನ ಉರಿಯ ಕೆಳಗೆ ಒಂದು ಚೂರು ಪೈಪು ಕಾಯುತ್ತಿತ್ತು. ಬೆಳಕಿನಲ್ಲಿ ಮಂಕಾಗಿ, ಇನ್ನೂ ಕಾಯಬೇಕು ಎನ್ನುವಂತೆ ಕಾಣುತ್ತಿದ್ದ ಅದೇ ಪೈಪು ಕತ್ತಲಾದ ಕೂಡಲೇ ಕಿತ್ತಳೆ ಹಣ್ಣಿನ ಹಾಗೆ ಝಗ್ಗೆಂದು ಬೆಳಗಿತು.

ದೊಡ್ಡಮ್ಮ ಉರಿಯನ್ನು ಪಕ್ಕಕ್ಕೆ ಸರಿಸಿ ಹಾಗೇ ನಿಂತಳು.

“ತಡಿ ಅಕ್ಕಾ, ಕಂಬಳಿ ತೆಗೀತೀನಿ, ನಿನಗೆ ಕತ್ತಲೆ ಆಯ್ತೇನೋ” ಎಂದಳು ಅಮ್ಮ ಹೊರಗಿನಿಂದ.

“ಮುಟ್ಟಬೇಡ. ಹಾಗೇ ಇರಲಿ.”

“ಒದ್ದೆ ಕಂಬಳಿ ಕಣಕ್ಕಾ, ಬಿಸಿಲಿಗೆ ಹಾಕಬೇಕು.”

“ನಿನ್ನ ಕಂಬಳಿ ಒಣಗೋದು ಮುಖ್ಯನೋ ನನ್ನ ಸೈಕಲ್ಲು ಮುಖ್ಯನೋ?”

“ರಾತ್ರಿ ಸೈಕಲ್ಲು ಹೊದ್ದುಕೊಂಡು ಮಲಗು ಹಾಗಾದರೆ” ಎಂದು ಅಮ್ಮ ಗೊಣಗಿದಳು. ಆದರೆ ಕಂಬಳಿ ತೆಗೆಯಲಿಲ್ಲ.

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ನಗತೊಡಗಿದಳು. ನನಗೆ ಮೊದಲು ಭಯವಾಯಿತು. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವಳ ಕಣ್ಣು ಪಳಗಿದ್ದು ಕತ್ತಲಲ್ಲಿ. ಬೆಳಕಿನ ಕೋಣೆಯಲ್ಲಿ ಆ ಹಳೇ ಬಣ್ಣ ಬರಲೆಂದು ಕಾಯುತ್ತಾ ಕಾಯುತ್ತಾ ಉಕ್ಕನ್ನೇ ಸುಟ್ಟುಬಿಡುತ್ತಿದ್ದಳು. ಗವಿಯ ಕಿಟಕಿಗೆ ಕಪ್ಪು ಬಳಿದವರು ಯಾರೋ, ಏಕೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳದೆ ಹೋಗಿದ್ದರು. “ಪಾಪ, ಆ ಕಾರ್ಖಾನೆ ಯಜಮಾನರಿಗೆ ಎಷ್ಟು ಶಾಪ ಹಾಕಿದೀವೇ” ಎಂದು ಕಣ್ಣೊರೆಸಿಕೊಂಡಳು.

ಎರಡನೆಯ ಫ್ರೇಮನ್ನು ಕಂಬಳಿ ಕತ್ತಲಲ್ಲೇ ಬೆಸೆದಳು. ಕೈ ಎಲ್ಲೂ ತಡೆಯಲಿಲ್ಲ. ಹಿತ್ತಾಳೆ ಕಡ್ಡಿ ತಾಕುವುದು, ಉರಿ ಹಿಂದೆ ಸರಿಯುವುದು, ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು. ನಾನು ನೋಡಿದ ಕೆಲಸಗಳಲ್ಲಿ ಅಷ್ಟು ಚೆಂದದ್ದು ಬೇರೆ ಇಲ್ಲ. ಹಾಲಿನವನು ಅದರ ಮೇಲೆ ಕ್ಯಾನು ಕಟ್ಟಿಕೊಂಡು ಹೋದವನು ದಿನವೂ ಹತ್ತಿಕೊಂಡೇ ಬಂದ. ಆರ್ಡರು ಕಳಿಸುವ ದಿನ ಅಂಗಡಿಯ ಮುಂದೆ ಇಳಿದು, “ಫ್ರೇಮಿಗೆ ಏನೂ ಆಗಿಲ್ಲ ಸ್ವಾಮಿ. ಸೀಟಿಗೂ ನನಗೂ ಮಾತ್ರ ಆಗಿಬರ್ತಿಲ್ಲ” ಎಂದ.

ಯಜಮಾನರು ಬಗ್ಗಿ ಎಲ್ಲ ಬೆಸುಗೆಗಳನ್ನೂ ನೋಡಿದರು, ಬೆರಳಿನಿಂದ ಸವರಿದರು. ಆಮೇಲೆ, “ಫ್ರೇಮು ಹೊರಗಿನಿಂದ ಬೇಡ. ‘ಪೂರ್ತಿ ಇಲ್ಲೇ ಮಾಡಿದ್ದು’ ಅಂತ ಬೋರ್ಡು ಹಾಕಿಬಿಡೋಣ ಅಕ್ಕಾ” ಎಂದರು.

“ಪೂರ್ತಿ ಅಂತ ಹಾಕಬೇಡಿ. ಚೈನು, ರಿಮ್ಮು, ಬೇರಿಂಗಿನ ಗುಂಡುಗಳು ಇನ್ನೂ ಹೊರಗಿನವೇ. ಫ್ರೇಮು ಇಲ್ಲಿಯದು ಅಂತ ಹಾಕಿ. ಉಳಿದದ್ದು ಮಾಡೋ ಕೈ ಸಿಕ್ಕಿದಾಗ ಬೋರ್ಡು ತಿದ್ದೋಣ” ಎಂದಳು ದೊಡ್ಡಮ್ಮ.

ಬೋರ್ಡಿನಲ್ಲಿ ಈಗ ಹಾಗೆಯೇ ಇದೆ.

ಅಮ್ಮ ಕಂಬಳಿಗಳನ್ನು ವಾಪಸ್ಸು ಕೇಳುತ್ತಿದ್ದಾಳೆ. ನಾಳೆ ಬೆಳಿಗ್ಗೆ ನಾನು ಎರಡೂ ಕಿಟಕಿಗಳ ಗಾಜಿಗೆ ಕಪ್ಪು ಬಣ್ಣ ಬಳಿಯುತ್ತೇನೆ. ಅದು ಏಕೆ ಎಂಬುದನ್ನು ಪಕ್ಕದ ಗೋಡೆಯ ಮೇಲೆ ಆದಷ್ಟು ಗುಂಡಾದ ಅಕ್ಷರದಲ್ಲಿ ಬರೆಯುತ್ತೇನೆ.